ಕಚ್ಚಿಲ್ಲದ ಪಕ್ಕಡ

...ಅಥವಾ ಆ ಕಚ್ಚು ಅಲಗಿನ ತುದಿಯ ಕಡೆ ಇತ್ತೋ, ಕೀಲಿನ ಕಡೆ ಇತ್ತೋ. ಕೀಲಿನ ಕಡೆ ಎಂದು ಒಂದು ಪುಟ ಬರೆದಿದ್ದೆ. ಅದನ್ನು ಹರಿದು ಹಾಕಿ ಮತ್ತೆ ಕೂತಿದ್ದೇನೆ. ಕಣ್ಣು ಮುಚ್ಚಿದರೆ ಆ ಪಕ್ಕಡ ಎದುರಿಗೇ ಬರುತ್ತದೆ: ಹಿಡಿಗೆ ತೊಡಿಸಿದ ಕರಿ ರಬ್ಬರು, ಬಾಯಿಯ ಹಲ್ಲುಗಳ ಸಂದಿನಲ್ಲಿ ಸಿಕ್ಕಿಕೊಂಡ ಸುಣ್ಣದ ಪುಡಿ, ಕತ್ತರಿಸುವ ಅಲಗುಗಳಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಕಚ್ಚು. ಇಷ್ಟು ಚೆನ್ನಾಗಿ ಕಾಣುವುದೇ ನನ್ನ ಅನುಮಾನಕ್ಕೆ ಕಾರಣ. ನಿಜವಾಗಿ ನೋಡಿದ ವಸ್ತುಗಳು ನನಗೆ ಹೀಗೆ ನೆನಪಿಲ್ಲ. ವರ್ಷಗಟ್ಟಲೆ ಏರಿ ಇಳಿದ ಮೆಟ್ಟಿಲು ಮರದ್ದೋ ಕಲ್ಲಿನದ್ದೋ ಎಂದು ಕೇಳಿದರೆ ತಡವರಿಸುತ್ತೇನೆ. ಆಮೇಲೆ ಯೋಚಿಸಿ ಯೋಚಿಸಿ ಉಜ್ಜಿದ್ದು ಮಾತ್ರ ಹೀಗೆ ಹೊಳೆಯುತ್ತದೆ.

ಪಕ್ಕಡ ಅಂದರೆ ಇಕ್ಕಳ. ಪುಣೆಯಲ್ಲಿ ಎಲ್ಲರೂ ಹಾಗೆ ಅನ್ನುತ್ತಿದ್ದರು, ನಾವೂ ಅನ್ನುತ್ತಿದ್ದೆವು. ಅದು ನನ್ನ ಭಾವನದು, ಅಕ್ಕನ ಗಂಡನದು. ಯುದ್ಧ ನಡೆದಿದ್ದ ಕಾಲ. ಬಿಜಾಪುರದ ಕಡೆಯಿಂದ ಬಂದ ನಾವು ಸದಾಶಿವ ಪೇಠೆಯ ಒಂದು ವಾಡೆಯ ಹಿಂಭಾಗದಲ್ಲಿ ಎರಡು ಕೋಣೆ ಹಿಡಿದು ಇದ್ದೆವು: ಅಕ್ಕ, ಭಾವ, ನಾನು. ಹತ್ತಿರದ ಎಲೆಕ್ಟ್ರಿಕ್ ಅಂಗಡಿಯಲ್ಲಿ ಭಾವ ವೈರಮನ್. ನಾನೂ ವೈರಮನ್, ಅವರ ಜೋಡಿ. ಒಬ್ಬರು ನಿಚ್ಚಣಿಕೆಯ ಮೇಲೆ, ಒಬ್ಬರು ಕೆಳಗೆ. ಹಳೆಯ ವಾಡೆಗಳಿಗೆ ದೀಪ ಹಾಕುವುದು, ಹೋಟೆಲುಗಳ ಪಂಖಾ ತೂಗುಹಾಕುವುದು, ಸುಟ್ಟುಹೋದ ಫ್ಯೂಜಿಗೆ ಹೊಸ ತಂತಿ ಕಟ್ಟುವುದು ನಮ್ಮ ಕೆಲಸ.

ಭಾವನ ಚೀಲದಲ್ಲಿ ಏನೇನಿತ್ತು ಎಂದು ಹೇಳಬಲ್ಲೆ. ಆದರೆ ಅದರಲ್ಲಿ ಎಷ್ಟು ಅವರ ಚೀಲ, ಎಷ್ಟು ಆಮೇಲೆ ನಾನು ಹೊತ್ತು ತಿರುಗಿದ ಚೀಲ ಎಂದು ಬೇರೆ ಮಾಡಲಾರೆ. ದಪ್ಪ ಕ್ಯಾನ್ವಾಸಿನ ಚೀಲ ಅದು. ಒಳಗೆ ದೊಡ್ಡದೊಂದು ಸಣ್ಣದೊಂದು ಸ್ಕ್ರೂಡ್ರೈವರು, ಗುಂಡು ತಲೆಯ ಸುತ್ತಿಗೆ, ಗೋಡೆಗೆ ತೂತು ಹಾಕುವ ಉಳಿ, ಮರದ ಪಟ್ಟಿಗೆ ತೂತು ಹಾಕುವ ಬೈರಿಗೆ, ತಂತಿಯ ಮೇಲಿನ ಬಟ್ಟೆ ಕೆರೆಯುವ ಮಡಿಚುವ ಚಾಕು. ನೇರ ಗೆರೆ ಹೊಡೆಯಲು ನೀಲಿ ಪುಡಿ ಹಚ್ಚಿದ ದಾರ. ಅದರ ಪುಡಿ ಚೀಲದಲ್ಲಿ ಚೆಲ್ಲಿ ಎಲ್ಲ ಸಾಮಾನೂ ನೀಲಿಯಾಗಿರುತ್ತಿತ್ತು, ನಮ್ಮ ಉಗುರೂ ನೀಲಿ. ಮತ್ತೆ ಟೆಸ್ಟ್ ಲ್ಯಾಂಪು. ಹೋಲ್ಡರಿಗೆ ಸಿಕ್ಕಿಸಿದ ಒಂದು ಬಲ್ಬು, ಅದರಿಂದ ಹೊರಟ ಎರಡು ತಂತಿ, ಅಷ್ಟೇ. ಎರಡು ತುದಿ ಮುಟ್ಟಿಸಿದಾಗ ದೀಪ ಹತ್ತಿದರೆ ಕರೆಂಟು ಇದೆ.

ಹತ್ತದಿದ್ದರೆ ಇಲ್ಲ ಎಂದು ನಾನು ತಿಳಿದಿದ್ದೆ. ಭಾವ ಹಾಗೆ ತಿಳಿಯುತ್ತಿರಲಿಲ್ಲ. ಮೊದಲು ಕರೆಂಟು ಇದೆ ಎಂದು ಖಾತ್ರಿ ಇರುವ ಕಡೆ ಹಚ್ಚಿ ನೋಡುವುದು, ಆಮೇಲೆ ಬೇಕಾದ ಕಡೆ, ಮತ್ತೆ ಮೊದಲಿನ ಕಡೆ.

“ದೀಪ ಹತ್ತಲಿಲ್ಲ ಅಂದ್ರ ಕರೆಂಟ್ ಸತ್ತದ ಅಂತಲ್ಲ. ದೀಪಾನ ಸತ್ತಿರಬಹುದು,” ಅನ್ನುತ್ತಿದ್ದರು.

ಇಷ್ಟೆಲ್ಲ ಆದ ಮೇಲೂ ತಂತಿಯನ್ನು ಮೊದಲು ಬೆರಳಿನ ಹಿಂಬದಿಯಿಂದ ಮುಟ್ಟುತ್ತಿದ್ದರು. ಕರೆಂಟಿದ್ದರೆ ಕೈ ಮಡಚಿ ಹಿಂದಕ್ಕೆ ಬರುತ್ತದೆ; ಅಂಗೈಯಿಂದ ಹಿಡಿದರೆ ತಂತಿಯನ್ನೇ ಬಿಗಿ ಹಿಡಿದುಬಿಡುತ್ತದೆ. ಮೇನ್ ಬಂದ್ ಮಾಡಿದ್ದೇನೆ ಎಂದು ಮನೆಯ ಯಜಮಾನ ದೇವರ ಮೇಲೆ ಆಣೆ ಇಟ್ಟರೂ ನಂಬಬಾರದು, ತಾನೇ ಹೋಗಿ ನೋಡಬೇಕು, ನೋಡಿ ಬಂದ ಮೇಲೆ ತನ್ನ ಕಣ್ಣನ್ನೂ ನಂಬಬಾರದು. ಸಂಶಯವೇ ಆ ಕಸುಬಿನ ಮೊದಲ ಹತಾರ. ಅದನ್ನು ಚೀಲದೊಳಗೆ ಬಿಟ್ಟು ಮನೆಗೆ ಬರುವುದು ನನಗೆ ಸಾಧ್ಯವಾಗಲಿಲ್ಲ.

ಪಕ್ಕಡದ ಹಿಡಿಗೆ ತೊಡಿಸಿದ್ದು ಹಳೆಯ ಸೈಕಲ್ ಟ್ಯೂಬು. ಪುಣೆಯಲ್ಲಿ ಸೈಕಲ್ ಟ್ಯೂಬಿಗೆ ಬರವಿರಲಿಲ್ಲ. ಯುದ್ಧ ಬಂದ ಮೇಲೆ ಅದೂ ಬಂತು. ಅಲಗಿನ ಕಚ್ಚು ಹೇಗಾಯಿತು ಎಂಬುದನ್ನು ಭಾವ ನನಗೆ ಎರಡು ರೀತಿ ಹೇಳಿದ್ದರು. ಒಂದು ಸಲ, ಕರಾವಳಿ ಕಡೆಯವರ ಹೋಟೆಲಿನ ಅಡುಗೆಮನೆಯಲ್ಲಿ, ಮೇನ್ ಬಂದ್ ಇದೆ ಎಂದು ಗಲ್ಲೆಯಲ್ಲಿ ಕೂತವರು ಹೇಳಿದ ಮೇಲೆ ಜೋಡಿ ತಂತಿಯನ್ನು ಒಟ್ಟಿಗೆ ಕತ್ತರಿಸಿದಾಗ. ಇನ್ನೊಂದು ಸಲ, ಒಂದು ಸಿನಿಮಾ ಥಿಯೇಟರಿನ ಮಾಳಿಗೆಯಲ್ಲಿ. ಎರಡರಲ್ಲೂ ಆದದ್ದು ಒಂದೇ: ಕರೆಂಟಿದ್ದ ಎರಡೂ ತಂತಿ ಒಮ್ಮೆಲೇ ಅಲಗಿಗೆ ಸಿಕ್ಕು, ಢಬ್ ಎಂದು ಬೆಂಕಿ ಹಾರಿ, ಉಕ್ಕು ಅಲ್ಲಿ ಕರಗಿಹೋಯಿತು. ಇಂಥ ಕಚ್ಚು ಇಲ್ಲದ ವೈರಮನ್ನನ ಪಕ್ಕಡ ನಾನು ನೋಡಿಲ್ಲ. ಎಲ್ಲರೂ ಎಂದೋ ಒಂದು ದಿನ ಯಾರದೋ ಮಾತು ನಂಬಿದವರೇ. ಆದ ಮೇಲೆ ಆ ಕಚ್ಚನ್ನೇ ಉಪಯೋಗಕ್ಕೆ ಹಚ್ಚಿಕೊಳ್ಳುತ್ತಾರೆ. ಅದರೊಳಗೆ ತಂತಿ ಇಟ್ಟು ಮೆಲ್ಲಗೆ ಒತ್ತಿ ಎಳೆದರೆ ಮೇಲಿನ ರಬ್ಬರು ಸಿಪ್ಪೆ ಸುಲಿದ ಹಾಗೆ ಬರುತ್ತದೆ, ತಾಮ್ರಕ್ಕೆ ಗಾಯವಾಗುವುದಿಲ್ಲ. ಹೊಸ ಪಕ್ಕಡಕ್ಕಿಂತ ಕಚ್ಚಿದ್ದ ಪಕ್ಕಡವೇ ಕೈಗೆ ಹಿತ.

ಆ ವರ್ಷ ಮಳೆಗಾಲದಲ್ಲಿ ಬ್ರಿಟಿಷರ ವಿರುದ್ಧ ಚಳವಳಿ ಎದ್ದು ಎಲ್ಲೆಲ್ಲೂ ತಂತಿ ಕತ್ತರಿಸುವುದು ಶುರುವಾಗಿತ್ತು. ಊರೊಳಗೆ ಮೆರವಣಿಗೆ, ಲಾಠಿ; ಊರ ಹೊರಗೆ ಟೆಲಿಫೋನಿನ ತಂತಿ. ಬೆಳಿಗ್ಗೆ ಎದ್ದರೆ ಇಂಥ ದಾರಿಯಲ್ಲಿ ತಂತಿ ಹೋಯಿತು ಎಂಬ ಸುದ್ದಿ. ಕತ್ತರಿಸಿದವರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ಗೊತ್ತಿದ್ದವರ ಹಾಗೆ ನಗುತ್ತಿದ್ದರು.

ನಮ್ಮ ಅಂಗಡಿಯಲ್ಲಿ ಹಿರಿಯ ವೈರಮನ್ ಒಬ್ಬರಿದ್ದರು. ಸೊಲ್ಲಾಪುರದವರು, ಕನ್ನಡ ಮರಾಠಿ ಎರಡನ್ನೂ ಕಲಸಿ ಮಾತಾಡುವವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು; ಕನ್ನಡದವರಾದ ನಮ್ಮನ್ನು ಅವರು ಕಾನಡಿ ಎನ್ನುತ್ತಿದ್ದರು. ಅವರ ಅಳಿಯ ಟೆಲಿಫೋನಿನ ಲೈನ್‌ಮನ್. ನವರಾತ್ರಿ ಹತ್ತಿರ ಬಂದಿದ್ದಾಗ ಒಂದು ಮಧ್ಯಾಹ್ನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕಾಕಾ ಕಿಸೆಯಿಂದ ಒಂದು ತುಂಡು ತಾಮ್ರದ ತಂತಿ ತೆಗೆದು ಮೇಜಿನ ಮೇಲಿಟ್ಟರು.

“ನೋಡ್ರಿ. ಶಿರೂರ ದಾರಿದು. ಅಳಿಯಾ ತಂದಾನ.”

ತಂತಿಯ ತುದಿ ಸಪಾಟಾಗಿರಲಿಲ್ಲ. ಅಲಗು ಕಚ್ಚದೆ ಬಿಟ್ಟ ಕಡೆ ಸಣ್ಣದೊಂದು ಮೊಳಕೆಯ ಹಾಗೆ ತಾಮ್ರ ಎದ್ದು ನಿಂತಿತ್ತು, ಬದಿಗೆ ಹರಿದ ಗುರುತು.

“ಕಚ್ಚಿದ್ದ ಪಕ್ಕಡ,” ಅಂದೆ ನಾನು.

“ಅಂದ್ರ ವೈರಮನ್,” ಅಂದರು ಕಾಕಾ. “ಠಾಣೆ ಫೌಜದಾರಗೂ ಯಾರೋ ಹೇಳಿಕೊಟ್ಟಾರ. ಎಲ್ಲಾ ಅಂಗಡಿ ಪಕ್ಕಡಾ ತಪಾಸ್ ಮಾಡ್ತಾನಂತ. ಮಾಡ್ಲಿ, ಪುಣ್ಯಾದಾಗಿನ ವೈರಮನ್ನರನ್ನೆಲ್ಲಾ ಒಳಗ ಹಾಕ್ಲಿ. ಆಮ್ಯಾಲೆ ತನ್ನ ಮನಿ ದೀಪ ಯಾರ ಹಚ್ಚತಾರ ನೋಡೋಣು.”

ನಾನು ನಕ್ಕೆ. ಭಾವ ಬಸಿಯಲ್ಲಿ ಚಹಾ ಹುಯ್ದುಕೊಂಡು ಊದುತ್ತಿದ್ದರು. ತಂತಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೋ? ತೆಗೆದುಕೊಂಡು, ನೋಡಿ, ಇಟ್ಟರು ಎಂದೂ ಒಂದು ಚಿತ್ರ ನನ್ನಲ್ಲಿದೆ. ಎರಡರಲ್ಲಿ ಒಂದು ನಾನು ಆಮೇಲೆ ಮಾಡಿಕೊಂಡದ್ದು. ಕಾಕಾ ಭಾವನ ಭುಜ ತಟ್ಟಿದ್ದು ಮಾತ್ರ ಎರಡರಲ್ಲೂ ಇದೆ.

“ಕಾಯ್ ಕಾನಡಿ ಅಪ್ಪಾ, ನೀನೂ ಆ ಕಡೆ ಹೋಗಿದ್ದೆಲ್ಲ ಮೊನ್ನೆ? ಏನಾರ ಕಂಡೀಯೇನು?”

“ಎಣ್ಣಿ ಗಿರಣಿ ಕಂಡೆ,” ಅಂದರು ಭಾವ.

ಹೌದು, ಭಾವ ಪುಣೆಯಿಂದ ನಲವತ್ತು ಮೈಲಿ ಆಚೆಯ ಶಿರೂರಿಗೆ ಹೋಗಿದ್ದರು. ಅಲ್ಲಿ ಒಂದು ಎಣ್ಣೆ ಗಿರಣಿಗೆ ಮೋಟಾರು ಕೂಡಿಸುವ ಕೆಲಸ. ಅಂಗಡಿಯ ಮಾಲೀಕರೇ ಕಳಿಸಿದ್ದರು. ಒಬ್ಬರಿಗೇ ಆಗುವ ಕೆಲಸವೆಂದು ನನ್ನನ್ನು ಕರೆದುಕೊಂಡು ಹೋಗಿರಲಿಲ್ಲ. ಬರಬೇಕಾದ ದಿನ ಬರದೆ ಮಾರನೆಯ ದಿನ ಬಂದರು. ಇದ್ದಿಲ ಗ್ಯಾಸಿನ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು ಎಂದರು. ಆ ಬಸ್ಸುಗಳು ಕೆಡುತ್ತಿದ್ದವು, ನಿಜ. ಆದ್ದರಿಂದಲೇ ಅದು ಒಳ್ಳೆಯ ನೆಪ ಎಂದೂ ನನಗೆ ಅನ್ನಿಸಿತು. ಊರೆಲ್ಲ ತಂತಿಯ ಮಾತಾಡುತ್ತಿದ್ದಾಗ ಆ ಮಾತು ಎತ್ತದವರು ನಮ್ಮ ಮನೆಯಲ್ಲಿ ಅವರೊಬ್ಬರೇ. ಹೆದರಿಕೆಯಿಂದ ಸುಮ್ಮನಿರುವವರೂ ಮಾಡಿ ಸುಮ್ಮನಿರುವವರೂ ಹೊರಗಿನಿಂದ ಒಂದೇ ಥರ ಕಾಣುತ್ತಾರೆ.

ಕಾಕಾನ ಮೇಲೂ ನನಗೆ ಅನುಮಾನ ಬಂತು. ಆ ತುಂಡನ್ನು ನಮಗೇ ಯಾಕೆ ತೋರಿಸಬೇಕಿತ್ತು? ಭಾವನ ಮುಖ ನೋಡುವುದಕ್ಕೇ ತಂದರೋ? ಯಾರಾದರೂ ನೋಡಿ ಬಾ ಎಂದಿದ್ದರೋ?

ಮನೆಗೆ ಬಂದರೆ ಅಕ್ಕನಿಗೆ ಆಗಲೇ ಗೊತ್ತಿತ್ತು. ಭಾವ ಸ್ನಾನಕ್ಕೆ ಹೋದಾಗ ನನ್ನ ಹತ್ತಿರ ಬಂದು ಕೇಳಿದಳು.

“ಪಕ್ಕಡಾ ನೋಡ್ಲಿಕ್ಕೆ ಬರ್ತಾರಂತಲ್ಲೋ? ನಳದ ಹತ್ರ ಎಲ್ಲಾರೂ ಅದ ಮಾತಾಡ್ಲಿಕ್ಕತ್ತಾರ.”

“ಎಲ್ಲಾರ ಪಕ್ಕಡಾನೂ ನೋಡ್ತಾರ ಬಿಡು.”

“ನಿಮ್ಮ ಭಾವಂದು ಹೆಂಗದ?”

“ಹೆಂಗದ ಅಂದ್ರ? ಎಲ್ಲಾರದ್ದು ಇದ್ಹಂಗ. ಕಚ್ಚು ಬಿದ್ದದ.”

“ಕಚ್ಚು ಇರಬಾರದೇನು ಹಂಗಾರ?”

“ಹಂಗೇನಿಲ್ಲಕ್ಕಾ.”

ಅವಳು ಇನ್ನೇನೋ ಕೇಳುವಷ್ಟರಲ್ಲಿ ಭಾವ ಬಂದರು. ಪಂಚೆ ಹಿಂಡಿ ಹಗ್ಗಕ್ಕೆ ಹಾಕುತ್ತ ಇಬ್ಬರನ್ನೂ ನೋಡಿದರು. ನಾವಿಬ್ಬರೂ ಬೇರೆ ಬೇರೆ ಕಡೆ ನೋಡಿದೆವು. ಆ ದಿನದಿಂದ ಚೀಲದ ಮೊಳೆ ಬದಲಾಯಿತು. ಮುಂಚೆ ಬಾಗಿಲ ಹಿಂದೆ ತೂಗುತ್ತಿತ್ತು, ಈಗ ಒಳಗಿನ ಕೋಣೆಯಲ್ಲಿ. ಬದಲಿಸಿದವರು ಯಾರು ಎಂದು ಕೇಳಲಿಲ್ಲ. ಭಾವನ ಮೇಲೆ ಫೌಜದಾರನ ಕಣ್ಣು ಬಿದ್ದರೆ ಏನಾಗುತ್ತದೆ ಎಂದು ಮೂವರಿಗೂ ಗೊತ್ತಿತ್ತು: ಜೈಲು, ಅದು ತಪ್ಪಿದರೂ ಪರವಾನಗಿ ಹೋಗುವುದು. ಪರವಾನಗಿ ಇಲ್ಲದ ವೈರಮನ್ನನಿಗೆ ಪುಣೆಯಲ್ಲಿ ಯಾರೂ ನಿಚ್ಚಣಿಕೆ ಕೊಡುವುದಿಲ್ಲ.

ಖಂಡೆನವಮಿಯ ದಿನ, ಅಂದರೆ ಆಯುಧಪೂಜೆಯ ದಿನ, ಎಲ್ಲ ವೈರಮನ್ನರೂ ತಮ್ಮ ಹತಾರ ಅಂಗಡಿಗೆ ತರಬೇಕು. ಸೀಮೆಎಣ್ಣೆಯಲ್ಲಿ ತೊಳೆದು, ಬೂದಿ ಹಚ್ಚಿ ತಿಕ್ಕಿ, ಒರೆಸಿ, ಒಂದು ಹಲಗೆಯ ಮೇಲೆ ಸಾಲಾಗಿ ಇಡುತ್ತಾರೆ. ಅರಿಶಿನ, ಕುಂಕುಮ, ಚೆಂಡುಹೂವು. ಪೂಜೆಯಾದ ಮೇಲೆ ಮಾರನೆಯ ದಿನ ದಸರೆಯ ತನಕ ಯಾರೂ ಮುಟ್ಟುವಂತಿಲ್ಲ. ಆ ದಿನ ಯಾರ ಮನೆಯ ದೀಪ ಹೋದರೂ ಹೋಯಿತೇ. ವರ್ಷಕ್ಕೊಮ್ಮೆ ನಮ್ಮ ಹತಾರ ಒಂದನ್ನೊಂದು ನೋಡುತ್ತಿದ್ದದ್ದು ಆಗಲೇ. ಚೀಲದೊಳಗಿದ್ದಾಗ ಯಾರ ಪಕ್ಕಡ ಹೇಗಿದೆ ಎಂದು ಯಾರು ನೋಡುತ್ತಾರೆ?

ಭಾವ ಪಕ್ಕಡವನ್ನು ಹಲಗೆಯ ತುದಿಗೆ ಇಟ್ಟರು. ಕಾಕಾ ಹೂವು ಇಡುತ್ತ ಬಂದವರು ಅಲ್ಲಿ ನಿಂತರು. ಅದನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿದರು. ನಾನೂ ನೋಡಿದೆ. ಅಲಗು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಚ್ಚು ಇರಲಿಲ್ಲ. ಸಾಣೆ ಹಿಡಿಸಿದ್ದರು.

“ಇದೇನೋ ಮಾರಾಯ, ಹೊಸಾ ಹಲ್ಲಿನ ಸೆಟ್ ಹಾಕಿಸೀಯೇನು ಇದಕ್ಕ?” ಅಂದರು ಕಾಕಾ. ಇಬ್ಬರು ಮೂವರು ನಕ್ಕರು. ಆಮೇಲೆ ನಗು ನಿಂತಿತು.

ಯಾಕೆ ನಿಂತಿತು ಎಂದು ಹೇಳಬೇಕು. ಪಕ್ಕಡಕ್ಕೆ ಸಾಣೆ ಹಿಡಿಸುವುದಿಲ್ಲ. ಕತ್ತರಿಯ ಅಲಗುಗಳು ಒಂದರ ಪಕ್ಕ ಒಂದು ಸರಿಯುತ್ತವೆ. ಪಕ್ಕಡದ ಅಲಗುಗಳು ಎದುರುಬದುರಾಗಿ ಬಂದು ಕೂಡಬೇಕು. ಕಚ್ಚು ಹೋಗಲಾಡಿಸುವಷ್ಟು ಅವನ್ನು ಸವೆಸಿದರೆ ಮೂತಿ ಮೊದಲು ಕೂಡುತ್ತದೆ, ಅಲಗು ಕೂಡುವುದೇ ಇಲ್ಲ. ಕಾಕಾ ಬೆಳಕಿಗೆ ಹಿಡಿದಿದ್ದ ಪಕ್ಕಡದ ಎರಡು ಅಲಗುಗಳ ನಡುವೆ ಬಾಗಿಲ ಬೆಳಕು ಒಂದು ಗೆರೆಯಾಗಿ ಕಾಣುತ್ತಿತ್ತು. ಇನ್ನು ಅದು ತಂತಿ ಹಿಡಿಯಬಹುದು, ಕತ್ತರಿಸಲಾರದು. ವೈರಮನ್ ಆದವನು ತನ್ನ ಪಕ್ಕಡಕ್ಕೆ ಹೀಗೆ ಮಾಡುವುದಿಲ್ಲ. ಯುದ್ಧದ ಕಾಲದಲ್ಲಿ, ಹೊಸದು ಎಲ್ಲೂ ಸಿಗದಿದ್ದಾಗ, ಖಂಡಿತ ಮಾಡುವುದಿಲ್ಲ. ಮಾಡಿದರೆ ಕಚ್ಚಿಗಿಂತ ದೊಡ್ಡ ಸಂಗತಿ ಯಾವುದೋ ಅವನ ತಲೆಯಲ್ಲಿರಬೇಕು. ಹಲಗೆಯ ಮೇಲಿದ್ದ ಎಲ್ಲ ಪಕ್ಕಡಗಳಿಗೂ ಕಚ್ಚಿತ್ತು. ಇಲ್ಲದ್ದು ಅದೊಂದಕ್ಕೇ.

ಕಾಕಾ ಅದನ್ನು ಕೆಳಗಿಟ್ಟು ಎಲ್ಲದಕ್ಕಿಂತ ದೊಡ್ಡ ಹೂವನ್ನು ಅದರ ಬಾಯಿಯ ಮೇಲಿಟ್ಟರು. ಮುಚ್ಚಿದರೋ, ಗುರುತು ಮಾಡಿದರೋ.

ಆರತಿ ಆಗುತ್ತಿದ್ದ ಹಾಗೇ ಫೌಜದಾರ ಬಂದ. ಅವನು ಅದೇ ದಿನ ಬರುತ್ತಾನೆಂದು ಯಾರೂ ಎಣಿಸಿರಲಿಲ್ಲ. ನಮ್ಮ ಮಾಲೀಕರ ಮುಖದಲ್ಲಿ ಮಾತ್ರ ಆಶ್ಚರ್ಯ ಕಾಣಲಿಲ್ಲ ಎಂದು ನನಗೆ ಆಗ ಅನ್ನಿಸಿತು. ಮಾಲೀಕರ ಮುಖದಲ್ಲಿ ಯಾವಾಗಲೂ ಏನೂ ಕಾಣುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಫೌಜದಾರ ಹಲಗೆಯನ್ನು ತೋರಿಸಿ, ಎಲ್ಲ ಪಕ್ಕಡಗಳನ್ನೂ ತಪಾಸಣೆ ಮಾಡಬೇಕು ಎಂದು ಮರಾಠಿಯಲ್ಲಿ ಹೇಳಿದ. ಮಾಲೀಕರು ಕೈಮುಗಿದು, ಪೂಜೆ ಆಗಿದೆ, ನಾಳೆಯ ತನಕ ಕದಲಿಸುವ ಹಾಗಿಲ್ಲ ಎಂದರು. ಫೌಜದಾರ ಟೋಪಿ ತೆಗೆದು ಹಲಗೆಗೆ ನಮಸ್ಕಾರ ಮಾಡಿದ. ಠಾಣೆಯಲ್ಲಿ ಅವನ ಬಂದೂಕುಗಳಿಗೂ ಬೆಳಿಗ್ಗೆಯೇ ಹೂವು ಏರಿಸಿ ಬಂದಿದ್ದನಂತೆ, ಅವನ್ನೂ ಇವತ್ತು ಯಾರೂ ಮುಟ್ಟುವುದಿಲ್ಲವಂತೆ. ನಾಳೆ ಬರುತ್ತೇನೆ ಎಂದ. ಹೋಗುವಾಗ ಒಬ್ಬ ಪೊಲೀಸನನ್ನು ಬಾಗಿಲಲ್ಲಿ ಕೂರಿಸಿ ಹೋದ. ಹತಾರಗಳು ಹೂವು ಮುಡಿದುಕೊಂಡು ಪಹರೆಯಲ್ಲಿ ಉಳಿದವು.

ಆ ಸಂಜೆ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಭಾವ ಉಂಡರು, ಚೆನ್ನಾಗಿಯೇ ಉಂಡರು. ಕೊನೆಗೆ ನಾನೇ ಕೇಳಿದೆ.

“ಭಾವಾ, ಸಾಣಿ ಯಾರ ಹಿಡಿಸಿದ್ರು?”

“ನಾನ,” ಅಂದರು ಭಾವ.

“ಎಲ್ಲಿ ಹಿಡಿಸಿದ್ರು ಇವರು?” ಅಕ್ಕ ಒಲೆಯ ಮುಂದಿನಿಂದಲೇ ಅಂದಳು. “ನಾ ಕೊಟ್ಟೆ. ಸಾಣೇದಂವ ಬಂದಿದ್ದ. ಇಳಿಗಿ ಕೊಟ್ಟೆ, ಕತ್ತರಿ ಕೊಟ್ಟೆ, ಅದನ್ನೂ ಕೊಟ್ಟೆ.”

“ನೀ ಸುಮ್ಮನಿರು.”

“ಯಾಕ ಸುಮ್ಮನಿರ್ಲಿ? ನಾಳೆ ಕೇಳಿದ್ರ ನನ್ನ ಹೆಸರು ಹೇಳ್ರಿ. ಹೆಂಗಸಿಗೆ ಏನು ತಿಳೀತದ, ಹಲ್ಲು ಬಿದ್ದದ ಅಂತ ಧಾರ ಹಿಡಿಸಿದ್ಲು ಅಂತ ಹೇಳ್ರಿ.”

“ಫೌಜದಾರನ ಮುಂದ ಹೆಂಡ್ತಿ ಹೆಸರು ಹೇಳಿ ಮನಿಗೆ ಬರ್ಲೇನು? ನಿನ್ನ ಕರೆಸ್ತಾನ. ಠಾಣೇದಾಗ ನಿಂದರಿಸ್ತಾನ.”

“ನಿಂದ್ರತೀನಿ. ನಿಂತ್ರ ಏನು ಕಾಲು ಸವೀತಾವೇನು?”

“ನಾ ಹಿಡಿಸೀನಿ ಅಂದೆನಲ್ಲ. ಮುಗೀತು.”

ಇಬ್ಬರ ಮಾತನ್ನೂ ನಾನು ತೂಗಿ ನೋಡಿದೆ. ಕೆಲಸ ಗೊತ್ತಿಲ್ಲದವರೇ ಆ ಸಾಣೆ ಹಿಡಿಸಬೇಕು, ಆದ್ದರಿಂದ ಅಕ್ಕ ಹೇಳಿದ್ದು ನಿಜವಿರಬೇಕು. ಆದರೆ ಅವಳು ಹೇಳಿದ ಮಾತು ನಾಳೆ ಹೇಳುವುದಕ್ಕೆ ಜೋಡಿಸಿದ ಮಾತಿನ ಹಾಗಿತ್ತು. ‘ಹೇಳ್ರಿ’ ಎಂದಳೇ ಹೊರತು ‘ಅದು ಖರೆ’ ಎನ್ನಲಿಲ್ಲ. ಭಾವ ತಾವೇ ಹಿಡಿಸಿದ್ದರೆ ಅವರು ತಂತಿ ಕತ್ತರಿಸಿದವರು. ಬೇರೆ ಕಾರಣ ನನಗೆ ಹೊಳೆಯಲಿಲ್ಲ. ಹಿಡಿಸದೆ ಹಿಡಿಸಿದ್ದೇನೆ ಅನ್ನುತ್ತಿದ್ದರೆ, ಅಕ್ಕನನ್ನು ಠಾಣೆಯಿಂದ ದೂರ ಇಡುವುದಕ್ಕೆ. ಎರಡೂ ಒಂದೇ ಮಾತಿನಲ್ಲಿ ಕೂತಿದ್ದವು.

“ಭಾವಾ, ಶಿರೂರ ದಾರಿಯೊಳಗ...” ಎಂದೆ.

ಅವರು ಕೈ ತೊಳೆದುಕೊಳ್ಳಲು ಏಳುತ್ತಿದ್ದರು. ನಿಂತರು.

“ನಿನಗ ಏನು ಅನಸ್ತದ?”

“ನನಗೇನು ಗೊತ್ತಾಗವಲ್ದ್ರಿ.”

“ಛಲೋ ಆತು. ಕೇಳಿದವರಿಗೆ ಹಂಗ ಹೇಳು.”

ದಸರೆಯ ಬೆಳಿಗ್ಗೆ ಫೌಜದಾರ ಒಂದು ಸುರುಳಿ ತಾಮ್ರದ ತಂತಿ ತಂದಿದ್ದ. ಒಬ್ಬೊಬ್ಬರನ್ನೇ ಕರೆದು ತಮ್ಮ ತಮ್ಮ ಪಕ್ಕಡದಿಂದ ಒಂದೊಂದು ತುಂಡು ಕತ್ತರಿಸಲು ಹೇಳಿದ. ಎಲ್ಲರ ತುಂಡಿನ ತುದಿಯಲ್ಲೂ ಒಂದಲ್ಲ ಒಂದು ಮೊಳಕೆ. ಫೌಜದಾರ ಅವನ್ನು ತನ್ನ ಕಾಗದದ ಪೊಟ್ಟಣದಲ್ಲಿದ್ದ ತುಂಡಿನ ಪಕ್ಕ ಹಿಡಿದು ನೋಡುತ್ತ ಹೋದ. ನೋಡುತ್ತ ನೋಡುತ್ತ ಅವನ ಮುಖ ಸೋಲುತ್ತಿತ್ತು. ಎಲ್ಲವೂ ಸ್ವಲ್ಪ ಹಾಗೆಯೇ ಇದ್ದವು, ಯಾವುದೂ ಪೂರ್ತಿ ಹಾಗಿರಲಿಲ್ಲ. ಭಾವನ ಪಕ್ಕಡಕ್ಕೆ ಕಚ್ಚು ಇದ್ದಿದ್ದರೆ ಅದೂ ಆ ರಾಶಿಯಲ್ಲಿ ಒಂದಾಗಿ ಹೋಗುತ್ತಿತ್ತು.

ಭಾವ ತಂತಿಯನ್ನು ಅಲಗಿಗೆ ಇಟ್ಟು ಒತ್ತಿದರು. ತಂತಿ ಬಾಗಿತು. ಮತ್ತೆ ಒತ್ತಿದರು, ಮಣಿದು ಕೊಂಕಾಯಿತು. ಬಾಗಿಲಲ್ಲಿ ನಿಂತಿದ್ದ ಪೊಲೀಸ ನಕ್ಕುಬಿಟ್ಟ.

“ಕಾಯ್ ರೇ, ಪಕ್ಕಡ ಕೀ ಚಿಮಟಾ?” ಅಂದ. ಇದು ಪಕ್ಕಡವೋ, ಒಲೆಯಿಂದ ರೊಟ್ಟಿ ಎತ್ತುವ ಚಿಮಟವೋ ಎಂದು.

ಫೌಜದಾರ ನಗಲಿಲ್ಲ. ಯಾರು ಸಾಣೆ ಹಿಡಿಸಿದ್ದು ಎಂದು ಕೇಳಿದ. ಭಾವ, ನಾನು ಎಂದರು. ಯಾಕೆ ಎಂದಾಗ, ಧಾರ ಹೋಗಿತ್ತು ಎಂದರು. ಫೌಜದಾರ ಕಾಕಾನ ಕಡೆ ತಿರುಗಿ, ವೈರಮನ್ನರು ಪಕ್ಕಡಕ್ಕೆ ಸಾಣೆ ಹಿಡಿಸುತ್ತಾರೆಯೇ ಎಂದು ಕೇಳಿದ. ಕಾಕಾ ತಲೆ ಕೆರೆದುಕೊಂಡರು.

“ಒಬ್ಬೊಬ್ಬರು ಹಿಡಿಸ್ತಾರ ಸಾಹೇಬ,” ಎಂದು ಮರಾಠಿಯಲ್ಲಿ ಹೇಳಿದರು. “ಕಾನಡಿ ಮಂದಿ ಏನು ಬೇಕಾದ್ದು ಮಾಡ್ತಾರ.”

ಅದು ಸಹಾಯವೆಂದು ಕೆಲವು ವರ್ಷ ತಿಳಿದಿದ್ದೆ. ಆಮೇಲೆ ಬೇರೆ ರೀತಿ ತಿಳಿದೆ. ಈಗ ಯಾವ ರೀತಿಯೂ ತಿಳಿಯುವುದಿಲ್ಲ.

ಫೌಜದಾರ ನನ್ನ ಹತ್ತಿರ ಬಂದ. ಅವರ ಜೋಡಿ ನೀನಲ್ಲವೇ, ಈ ಪಕ್ಕಡಕ್ಕೆ ಕಚ್ಚಿತ್ತೇ, ಇದ್ದರೆ ಎಲ್ಲಿ, ತುದಿಗೋ ಕೀಲಿಗೋ ಎಂದು ಕೇಳಿದ. ನೆನಪಿಲ್ಲ ಎಂದೆ. ದಿನವೂ ಕೈಯಲ್ಲಿ ಹಿಡಿಯುವುದು ನೆನಪಿಲ್ಲವೇ ಎಂದ. ಇಲ್ಲ ಎಂದೆ. ಆಗ ಅದು ಸುಳ್ಳು. ಇಷ್ಟು ವರ್ಷಗಳಲ್ಲಿ ಅದು ನಿಜವಾಗಿದೆ. ಯಾವಾಗ ಆಯಿತು ಎಂದು ಗೊತ್ತಾಗಲಿಲ್ಲ.

ಭಾವನನ್ನು ಕರೆದುಕೊಂಡು ಹೋದರು. ಬೀದಿಯಲ್ಲಿ ಜನ ಹೊಸ ಬಟ್ಟೆ ಹಾಕಿಕೊಂಡು, ಹಬ್ಬದ ಬಂಗಾರ ಎಂದು ಎಲೆ ಕೊಟ್ಟು ತೆಗೆದುಕೊಂಡು ತಿರುಗುತ್ತಿದ್ದರು. ಫೌಜದಾರನ ಕಿಸೆಯಿಂದಲೂ ಎಲೆಗಳು ಇಣುಕುತ್ತಿದ್ದವು. ದಾರಿಯಲ್ಲಿ ಯಾರೋ ಪರಿಚಯದವರು ಭಾವನ ಕೈಗೂ ಒಂದು ಎಲೆ ಇಟ್ಟರು. ಇದು ನಾನು ಕಂಡದ್ದಲ್ಲ, ಕೇಳಿದ್ದು.

ಸಾಣೆ ಹಿಡಿಸಿದ ಪಕ್ಕಡ ಯಾವ ತಂತಿಯನ್ನು ಕತ್ತರಿಸಿತ್ತು ಎಂದು ರುಜುವಾತು ಮಾಡುವುದು ಯಾರಿಂದಲೂ ಆಗುವಂತಿರಲಿಲ್ಲ. ಕತ್ತರಿಸಿರಲಿಲ್ಲ ಎಂದೂ ಆಗುವಂತಿರಲಿಲ್ಲ. ಆದ್ದರಿಂದ ಖಟ್ಲೆ ನಡೆಯಲಿಲ್ಲ, ಬಿಡುಗಡೆಯೂ ಬೇಗ ಆಗಲಿಲ್ಲ. ಕಾಕಾ ಆಗಾಗ ಡಬ್ಬಿಯಲ್ಲಿ ಊಟ ಒಯ್ದು ಕೊಟ್ಟು ಬರುತ್ತಿದ್ದರು. ಅಕ್ಕ ಎರಡು ಸಲ ಠಾಣೆಗೆ ಹೋಗಿ ಸಾಣೆಗೆ ಕೊಟ್ಟವಳು ನಾನು ಎಂದು ಹೇಳಿದಳಂತೆ. ಆ ಸಾಣೆಯವನನ್ನು ಕರೆತಾ ಎಂದರಂತೆ. ಅವಳು ಪೇಠೆ ಪೇಠೆ ತಿರುಗಿದಳು, ನಾನೂ ಅವಳ ಜೊತೆ ತಿರುಗಿದೆ. ಸಾಣೆ ಗಾಲಿ ಹೊತ್ತವರು ಸಿಕ್ಕರು. ಪಕ್ಕಡವೇ, ನಾವು ಹಿಡಿಯುವುದಿಲ್ಲ ಎಂದರು. ಒಬ್ಬ ಮಾತ್ರ ಅಕ್ಕನ ಮುಖ ನೋಡಿ, “ಹಿಡಿದಿರಬಹುದು ಬಾಯಿ, ಏನೇನೋ ಹಿಡೀತೀವಿ” ಎಂದ. ಅವನನ್ನು ಕರೆದುಕೊಂಡು ಹೋಗುವುದೋ ಬೇಡವೋ ಎಂದು ನಾವು ನಿಂತು ಯೋಚಿಸುವಷ್ಟರಲ್ಲಿ ಅವನು ಮುಂದೆ ಹೋಗಿಬಿಟ್ಟಿದ್ದ.

ಚಳಿ ಬೀಳುವ ಹೊತ್ತಿಗೆ ಬಿಟ್ಟರು. ಪರವಾನಗಿ ಅಲ್ಲೇ ಉಳಿಯಿತು, ಪಕ್ಕಡವೂ. ಮಾಲೀಕರು ಭಾವನಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಇದು ಜನರ ಮನೆಯೊಳಗೆ ಹೋಗುವ ಕೆಲಸ, ಗಿರಾಕಿಗಳು ಈಗಾಗಲೇ ಕೇಳುತ್ತಿದ್ದಾರೆ ಎಂದರು. ಭಾವ ಚಹಾ ಕುಡಿದು ಎದ್ದು ಬಂದರು. ಆಮೇಲೆ ಅವರಿಗೆ ಕೆಲಸ ಕೊಟ್ಟದ್ದು ಶಿರೂರಿನ ಅದೇ ಎಣ್ಣೆ ಗಿರಣಿ. ಮೋಟಾರು ನೋಡಿಕೊಳ್ಳುವ ಕೆಲಸ. ಅದಕ್ಕೆ ಪರವಾನಗಿ ಯಾರೂ ಕೇಳುವುದಿಲ್ಲ. ಗಿರಣಿಯವರು ತಾವೇ ಗಾಡಿ ಕಳಿಸಿ ಮನೆಯ ಸಾಮಾನು ಒಯ್ದರು. ಒಂದು ಸಲ ಮೋಟಾರು ಕೂಡಿಸಿ ಬಂದ ವೈರಮನ್ನನಿಗೆ ಯಾರಾದರೂ ಗಾಡಿ ಕಳಿಸುತ್ತಾರೆಯೇ? ನನ್ನ ಸಂಶಯ ಆ ಗಾಡಿಯ ಹಿಂದೆ ಸ್ವಲ್ಪ ದೂರ ನಡೆದುಕೊಂಡು ಹೋಯಿತು. ನಾನು ಪುಣೆಯಲ್ಲೇ ಉಳಿದೆ.

ಸ್ವಾತಂತ್ರ್ಯ ಬಂದಾಗ ಮಾತು ತಿರುಗಿತು. ಒಳಗೆ ಹೋಗಿ ಬಂದವರನ್ನೆಲ್ಲ ಕರೆದು ಹಾರ ಹಾಕುತ್ತಿದ್ದರು. ಶಿರೂರಿನವರು ಭಾವನ ಹತ್ತಿರ ಬಂದು, ನಮ್ಮ ದಾರಿಯ ತಂತಿ ಕತ್ತರಿಸಿದವರು ನೀವು, ಧ್ವಜ ಏರಿಸುವಾಗ ಮುಂದೆ ಕೂರಬೇಕು ಎಂದರು. ನಾನು ಆ ದಿನ ಅಲ್ಲಿಗೆ ಹೋಗಿದ್ದೆ. ಭಾವ ಅಂಗಳದಲ್ಲಿ ನಿಂತು ಬೀಡಿ ಆರಿಸಿದರು.

“ನಾ ಕತ್ತರಿಸಿಲ್ರಿ. ಬ್ಯಾರೆ ಯಾರರೆ ಇರಬೇಕು, ಹುಡುಕ್ರಿ,” ಎಂದರು.

ಅವರು ಹೋದ ಮೇಲೆ ಅಡುಗೆಮನೆಗೆ ಹೋಗಿ ಅಕ್ಕನ ಹತ್ತಿರ ಕೂತೆ. ಈಗ ಯಾರಿಗೂ ಏನೂ ಆಗುವುದಿಲ್ಲ, ಈಗಲಾದರೂ ಹೇಳು, ಆ ಪಕ್ಕಡ ಸಾಣೆಗೆ ಕೊಟ್ಟವಳು ನೀನೇನು ಎಂದೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು.

“ನಾನ ಕೊಟ್ಟೆ,” ಅಂದಳು. ಸ್ವಲ್ಪ ತಡೆದು, “ಕೊಟ್ಟಿರಬೇಕು. ಅಷ್ಟು ಸಲ ಹೇಳೀನಿ, ಈಗ ಕೊಟ್ಟದ್ದು ಕಣ್ಣಿಗೆ ಕಟ್ಟಿದ್ಹಂಗ ಅದ. ನಿಮ್ಮ ಭಾವನೂ ಹಂಗ ಅಂತಾರ, ತಾವ ಹಿಡಿಸಿದ್ದು ಅಂತ. ಈ ಮಾತು ಬಂದ್ರ ಇಬ್ರೂ ಜಗಳ ಆಡ್ತೀವಿ. ನೀ ಮತ್ತ ತೆಗೀಬ್ಯಾಡ.”

ಆಮೇಲೆ ನಾನು ತೆಗೆಯಲಿಲ್ಲ. ಭಾವನನ್ನು ನೇರವಾಗಿ ಕೇಳುವುದು ಆ ಸಂಜೆಯ ಅರ್ಧ ಮಾತಿನಲ್ಲೇ ನಿಂತಿತು. ಕೇಳಿದ್ದರೂ ಅವರ ಉತ್ತರವನ್ನು ನಂಬುವ ಮನಸ್ಸು ನನ್ನಲ್ಲಿ ಉಳಿದಿತ್ತೋ ಇಲ್ಲವೋ. ಶಿರೂರಿನ ದಾರಿಯ ತಂತಿಯನ್ನು ಕತ್ತರಿಸಿದವರು ಯಾರು ಎಂದು ನನಗೆ ಗೊತ್ತಿಲ್ಲ. ಪಕ್ಕಡಕ್ಕೆ ಸಾಣೆ ಹಿಡಿಸಿದವರು ಭಾವನೋ ಅಕ್ಕನೋ ಗೊತ್ತಿಲ್ಲ. ಅವರಿಬ್ಬರಿಗಾದರೂ ಈಗ ಗೊತ್ತಿದೆಯೇ ಎಂಬುದೂ ನನಗೆ ಗೊತ್ತಿಲ್ಲ.